ಎರಡು ವಿಮಾನ, ನನ್ನದೊಂದು ಓಟು

ಎರಡರಲ್ಲಿ ಒಂದನ್ನು ಆರಿಸು ಎಂದು ಯಾರಾದರೂ ಹೇಳಿದರೆ ನನಗೆ ಮೊದಲು ಬಾಯಾರಿಕೆಯಾಗುತ್ತದೆ. ಆಮೇಲೆ ಹೇಳಿದವರ ಮೇಲೆ ಕೋಪ ಬರುತ್ತದೆ. ಕೊನೆಗೆ ಅವರೇ ಬೇಸತ್ತು ಒಂದನ್ನು ನನ್ನ ಕೈಗೆ ತುರುಕಿದಾಗ, ಇನ್ನೊಂದೇ ಚೆನ್ನಾಗಿತ್ತಲ್ಲ ಎನಿಸುತ್ತದೆ. ಸಾಗರದ ಪೇಟೆಯಲ್ಲಿ ನಾವು ಹೋಗುವ ಹೋಟೆಲಿನ ಮಾಣಿ ಈಗೀಗ ನನ್ನನ್ನು ಕೇಳುವುದನ್ನೇ ಬಿಟ್ಟಿದ್ದಾನೆ; ಒಳಗೆ ಯಾವುದು ಹೆಚ್ಚಿಗೆ ಉಳಿದಿದೆಯೋ ಅದನ್ನು ತಂದಿಟ್ಟು ಹೋಗುತ್ತಾನೆ. ಸೀರೆ ಅಂಗಡಿಯಲ್ಲಿ ನಾನು ಆರಿಸಿದ ಸೀರೆ ಇದುವರೆಗೆ ಒಂದೂ ಇಲ್ಲ, ಎಲ್ಲವೂ ಅಂಗಡಿಯವರು ಬಾಗಿಲು ಹಾಕುವ ಹೊತ್ತಾಯಿತೆಂದು ಕಟ್ಟಿಕೊಟ್ಟವು. ಮದುವೆಯ ವಿಷಯವನ್ನೂ ಹೇಳಿಬಿಡುತ್ತೇನೆ. ನನಗೆ ಎರಡು ಸಂಬಂಧಗಳು ಒಟ್ಟಿಗೆ ಬಂದಿದ್ದವು. ಇವರಾ ಅವರಾ ಎಂದು ನಾನು ಯೋಚಿಸುತ್ತಿರುವಾಗಲೇ ಅವರಲ್ಲೊಬ್ಬರಿಗೆ ಬೇರೆ ಕಡೆ ಮದುವೆಯಾಗಿ ಮಗುವಿನ ನಾಮಕರಣದ ಕರೆಯೂ ಬಂತು. ಉಳಿದವರೇ ನಮ್ಮ ಮನೆಯವರು. ಇದು ಅವರಿಗೂ ಗೊತ್ತು. ಬೇಜಾರೇನಿಲ್ಲ, ಏಕೆಂದರೆ ಅವರ ಲೆಕ್ಕದಲ್ಲಿ ಉಳಿದವಳು ನಾನಂತೆ.

ಇಂಥ ನಾನು ಕಾಲೇಜಿನಲ್ಲಿ ಪಾಠ ಮಾಡುವುದು ರಾಜ್ಯಶಾಸ್ತ್ರ. ಸಂಸದೀಯ ಪದ್ಧತಿಯ ಗುಣದೋಷ, ಅಧ್ಯಕ್ಷೀಯ ಪದ್ಧತಿಯ ಗುಣದೋಷ ಎಂದು ಬೋರ್ಡಿನ ನಡುವೆ ಗೆರೆ ಎಳೆದು ವರ್ಷಗಟ್ಟಲೆ ಬರೆಸಿದ್ದೇನೆ. "ಮೇಡಮ್, ಹಾಗಾದ್ರೆ ಎರಡ್ರಲ್ಲಿ ಯಾವ್ದು ಒಳ್ಳೇದು?" ಎಂದು ಪ್ರತಿ ವರ್ಷ ಒಬ್ಬಳಾದರೂ ಎದ್ದು ನಿಂತು ಕೇಳುತ್ತಾಳೆ. "ಎರಡಕ್ಕೂ ಅದರದರ ಗುಣಗಳಿವೆ ನೋಡಮ್ಮ" ಎನ್ನುವಷ್ಟರಲ್ಲಿ ಗಂಟೆ ಹೊಡೆಯುತ್ತದೆ. ದೇವರು ಮತ್ತು ನಮ್ಮ ಕಾಲೇಜಿನ ಅಟೆಂಡರು ನನ್ನನ್ನು ಹೀಗೆ ಕಾಪಾಡಿಕೊಂಡು ಬಂದಿದ್ದಾರೆ. ಇಷ್ಟೆಲ್ಲ ಪೀಠಿಕೆ ಏಕೆಂದರೆ, ಹೋದ ಚಳಿಗಾಲದಲ್ಲಿ ನನ್ನ ಸ್ವಂತ ಅಣ್ಣ ಎರಡು ವಿಮಾನಗಳನ್ನು ತೋರಿಸಿ, ಇದರಲ್ಲಿ ಒಂದನ್ನು ಆರಿಸು ಎಂದ. ಅಂದಿನಿಂದ ನಾನು ಸರಿಯಾಗಿಲ್ಲ. ಅಡುಗೆಮನೆಯಲ್ಲಿ ಮಿಕ್ಸಿ ತಿರುಗಿದರೆ ಕಟ್ಟೆಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತೇನೆ. ಊದುಬತ್ತಿಯ ವಾಸನೆ ಬಂದರೆ ಎಲ್ಲರಿಗೂ ಭಕ್ತಿ ಬರುತ್ತದೆ, ನಾನು ಸೀಟ್ ಬೆಲ್ಟ್ ತಡಕುತ್ತೇನೆ. ಏಕೆಂದು ಹೇಳುತ್ತೇನೆ.

ನನ್ನ ಅಣ್ಣ ಹೊಸನಗರದವನು. ಸಾಗರ, ಹೊಸನಗರ, ತೀರ್ಥಹಳ್ಳಿ ಎಂದು ಬಹಳ ಕಾಲ ಬಸ್ಸು ಓಡಿಸಿದ. ಮಾಲೀಕನೂ ಅವನೇ, ಡ್ರೈವರು ರಜೆ ಹಾಕಿದ ದಿನ ಡ್ರೈವರೂ ಅವನೇ. ಮನೆಮನೆಗೂ ಬೈಕು ಬಂದು ಬಸ್ಸಿಗೆ ಜನ ಕಡಿಮೆಯಾದ ಮೇಲೆ ಬಸ್ಸುಗಳನ್ನು ಮಾರಿದ. ಐವತ್ತು ದಾಟಿದವರು ಸಾಮಾನ್ಯವಾಗಿ ಸಕ್ಕರೆ ಕಾಯಿಲೆಯನ್ನೋ ಮಂಡಿನೋವನ್ನೋ ಹಚ್ಚಿಕೊಳ್ಳುತ್ತಾರೆ. ಇವನು ವಿಮಾನ ಹಚ್ಚಿಕೊಂಡ. ಬಯಲುಸೀಮೆಯ ಕಡೆ ಎಲ್ಲೋ ಒಂದು ಫ್ಲೈಯಿಂಗ್ ಕ್ಲಬ್ಬಿಗೆ ಸೇರಿ, ತಿಂಗಳುಗಟ್ಟಲೆ ಅಲ್ಲೇ ಇದ್ದು, ಪರೀಕ್ಷೆ ಬರೆದು ಲೈಸೆನ್ಸ್ ತಂದ. ತಂದು ಅದನ್ನು ದೇವರ ಮುಂದೆ ಇಟ್ಟ ದಿನ ಅತ್ತಿಗೆ, "ಆತಲ್ಲ, ಆಸೆ ತೀರ್ತಲ್ಲ" ಎಂದರು. ಅವರಿಗೆ ಗೊತ್ತಿರಲಿಲ್ಲ, ಆಸೆ ಶುರುವಾದದ್ದೇ ಅವತ್ತು. ಲೈಸೆನ್ಸ್ ಇದ್ದ ಮೇಲೆ ಗಾಡಿ ಇಲ್ಲದಿದ್ದರೆ ಹೇಗೆ ಎಂಬುದು ಬಸ್ಸಿನವರ ತರ್ಕ.

ಹುಡುಕಿ ಹುಡುಕಿ ಕಡೆಗೆ ಎರಡು ವಿಮಾನಗಳು ಉಳಿದವು. ಎರಡಕ್ಕೂ ನಾಲ್ಕೇ ಸೀಟು, ಎರಡಕ್ಕೂ ಮೂಗಿನಲ್ಲಿ ಒಂದೇ ಫ್ಯಾನು. ಅಲ್ಲಿಗೆ ಹೋಲಿಕೆ ಮುಗಿಯಿತು. ಒಂದು ಹೊಸ ಕಾಲದ್ದು, ಹಾಲಿನಂತೆ ಬಿಳಿ, ಎಲ್ಲಿಯೂ ಒಂದು ನಟ್ಟು ಕಾಣದಂತೆ ನುಣ್ಣಗೆ. ಮುಂದೆ ಗಡಿಯಾರದಂಥ ಮುಳ್ಳುಗಳ ಬದಲು ದೊಡ್ಡ ದೊಡ್ಡ ಸ್ಕ್ರೀನು. ಇನ್ನೊಂದು ನನಗಿಂತ ಹಿರಿಯದು, ತಗಡಿನ ಮೈ, ರೆಕ್ಕೆ ತಲೆಯ ಮೇಲೆ ಛತ್ರಿಯ ಹಾಗೆ, ಒಳಗೆ ಗಡಿಯಾರ ರಿಪೇರಿ ಅಂಗಡಿಯಂತೆ ತುಂಬ ಮುಳ್ಳುಗಳು. ಅಣ್ಣನ ಮನಸ್ಸು ಹಳೆಯದರ ಮೇಲೆ. "ಇಂಜಿನ್ ಬಿಚ್ಚಿದ್ರೆ ಎಂತ ಎಲ್ಲಿದೆ ಅಂತ ಕಾಣ್ಬೇಕು ಮಾರಾಯ್ತಿ. ಆ ಬಿಳಿದ್ರಲ್ಲಿ ಕೆಟ್ರೆ ಕಂಪ್ಯೂಟರ್‌ನವ್ನ ಕರಿಬೇಕು" ಎಂಬುದು ಅವನ ವಾದ. ಅತ್ತಿಗೆ ತೀರ್ಥಹಳ್ಳಿಯವರು, ಮಾತು ಕಡಿಮೆ, ಆದರೆ ಆಡಿದ್ದನ್ನು ಬದಲಿಸುವವರಲ್ಲ. ಹೊಸದಕ್ಕೆ ಇಡೀ ವಿಮಾನವನ್ನೇ ಇಳಿಸುವ ಒಂದು ಪ್ಯಾರಾಶೂಟ್ ಇದೆ ಎಂದು ಎಲ್ಲೋ ಕೇಳಿ, ಅದಲ್ಲದೆ ಬೇರೆ ಬೇಡ ಎಂದು ಕೂತರು.

"ಆ ತಗಡಿನ ಡಬ್ಬ ಮನೆಗೆ ತಂದ್ರೆ ನಾನು ತೀರ್ಥಹಳ್ಳಿಗೆ ಹೋಗ್ತೀನಿ, ಅಷ್ಟೆ."

"ಎಂತದ್ರಲ್ಲಿ ಹೋಗ್ತೀಯ? ಬಸ್ಸೆಲ್ಲ ಮಾರಿ ಆತಲ್ಲ."

ಈ ಮಾತಿನ ನಂತರ ಮನೆಯಲ್ಲಿ ಒಂದು ವಾರ ಮಾತಿರಲಿಲ್ಲವಂತೆ. ಅನ್ನ ಬಡಿಸುವಾಗ ಮಾತ್ರ ಸೌಟು ಮಾತಾಡುತ್ತಿತ್ತು. ಕಡೆಗೆ ಇಬ್ಬರೂ ಒಂದು ಒಪ್ಪಂದಕ್ಕೆ ಬಂದರು: ಎರಡನ್ನೂ ಹತ್ತಿ ನೋಡುವುದು, ವನಜ ಹೇಳಿದ್ದೇ ಅಂತಿಮ. ವನಜ ಎಂದರೆ ನಾನು. ಅಣ್ಣ ಫೋನಿನಲ್ಲಿ, "ತಂಗೀ, ಭಾನುವಾರ ಖಾಲಿ ಇದೀಯನೇ? ನೀನು ಓದಿದವಳು, ಯಾರ ಪರಾನೂ ಅಲ್ಲ" ಎಂದ. ಯಾರ ಪರವೂ ಅಲ್ಲದಿರುವುದು ಒಂದು ರೋಗವೆಂದು ನನ್ನ ಮನೆಯವರ ಹೊರತು ಯಾರಿಗೂ ತಿಳಿಯದು. ಅವರು ಪಕ್ಕದಲ್ಲಿ ಪೇಪರ್ ಓದುತ್ತಾ, "ಹೋಗಿ ಬಾ, ಸಂಜೆಯೊಳಗೆ ಹೇಳಬೇಕು ಅಂತ ಅವರಿಗೆ ಮೊದಲೇ ಹೇಳು" ಎಂದರು. ಎರಡೂ ವಿಮಾನದವರು ಸಂಜೆಗೆ ಹೊರಟುಹೋಗುವವರಿದ್ದರು. ನಾನು ಸರಿಯಾಗಿ ಹೇಳದಿದ್ದರೆ ವಿಮಾನವೂ ಹೋಗುತ್ತದೆ, ಅತ್ತಿಗೆಯೂ ಹೋಗುತ್ತಾರೆ ಎಂಬ ಸ್ಥಿತಿ.

ಹೊಸನಗರದಿಂದ ಸ್ವಲ್ಪ ಆಚೆ ಒಂದು ಬೋಳುಗುಡ್ಡದ ನೆತ್ತಿಯಲ್ಲಿ, ಹಿಂದೆ ಯಾರೋ ಏನೋ ದೊಡ್ಡದಾಗಿ ಕಟ್ಟುತ್ತೇವೆಂದು ಬಂದವರು, ಮೊದಲು ತಾವು ಬಂದಿಳಿಯಲು ರನ್‌ವೇ ಮಾಡಿಕೊಂಡರು. ಆಮೇಲೆ ಅವರು ಬರಲೇ ಇಲ್ಲ. ರನ್‌ವೇ ಉಳಿಯಿತು. ಡಾಂಬರು ಹಾಕಿದ್ದು ಏನೇ ಇರಲಿ, ಅದು ಕಣ ಎಂಬುದು ನಮ್ಮ ಕಡೆಯ ನಂಬಿಕೆ. ಸುತ್ತಲಿನವರು ಅಲ್ಲಿ ಭತ್ತ ಒಣಗಿಸುತ್ತಾರೆ, ಒಕ್ಕುತ್ತಾರೆ, ತೂರುತ್ತಾರೆ. ಭಾನುವಾರ ವಿಮಾನ ಬರುತ್ತದೆ, ದಯವಿಟ್ಟು ಭತ್ತ ತೆಗೆಯಿರಿ ಎಂದು ಅಣ್ಣ ಹಿಂದಿನ ದಿನವೇ ಹೋಗಿ ಹೇಳಿದ್ದ. ಅವರೂ ಮರ್ಯಾದಸ್ಥರು, ಅರ್ಧ ತೆಗೆದಿದ್ದರು. ಉಳಿದರ್ಧದ ಬಗ್ಗೆ ಕೇಳಿದರೆ ರಾಶಿಯ ಪಕ್ಕದಲ್ಲಿ ಕೂತಿದ್ದ ದೇವಮ್ಮ ಎಂಬಾಕೆ, "ಅಷ್ಟುದ್ದ ಎಂತಕ್ಕೆ ಬೇಕು ನಿಮ್ಗೆ? ಬಸ್ ಸ್ಟ್ಯಾಂಡಲ್ಲಿ ಇಷ್ಟೇ ಜಾಗದಲ್ಲಿ ನಿಮ್ ಬಸ್ ತಿರುಗ್ಸಿ ನಿಲ್ಲಿಸ್ತಿರ್ಲಿಲ್ವಾ?" ಎಂದು ಅಣ್ಣನನ್ನೇ ಕೇಳಿದರು. ಹಳೆಯ ಪ್ರಯಾಣಿಕರು, ಎದುರು ಮಾತಾಡುವಂತಿಲ್ಲ. ಬೇಡಿಕೊಂಡ ಮೇಲೆ ಭತ್ತವೆಲ್ಲ ಬದಿಗೆ ಹೋಯಿತು.

ಮೊದಲು ಹೊಸದು. ಅದನ್ನು ತಂದ ಪೈಲಟ್ ಟೈ ಕಟ್ಟಿದ್ದ ಸಭ್ಯ ಮನುಷ್ಯ. ಕನ್ನಡ ಬರುತ್ತಿತ್ತು, ಆದರೆ ಸ್ಕ್ರೀನಿನ ವಿಷಯ ಬಂದರೆ ಮರೆತುಹೋಗುತ್ತಿತ್ತು. ಅತ್ತಿಗೆ ಪೂಜೆಯ ತಟ್ಟೆ ಹಿಡಿದು ಹತ್ತಿರ ಹೋದರೆ, "ಮೇಡಮ್, ಮುಟ್ಟಬೇಡಿ, ಎಲ್ಲಾ ಕಡೆ ಸೆನ್ಸರ್ ಇದೆ" ಎಂದ. ಅವರು ದೂರದಿಂದಲೇ, ಮೃಗಾಲಯದಲ್ಲಿ ಹುಲಿಗೆ ನಮಸ್ಕಾರ ಮಾಡಿದ ಹಾಗೆ ಆರತಿ ಎತ್ತಿ ಬಂದರು. ಒಳಗೆ ಚರ್ಮದ ಸೀಟು, ತಂಪು ಗಾಳಿ. ಪೈಲಟ್ ಮೇಲೆ ಚಾವಣಿಯಲ್ಲಿದ್ದ ಒಂದು ಕೆಂಪು ಹಿಡಿಯನ್ನು ತೋರಿಸಿ, "ಏನಾದರೂ ಆದರೆ, ನನಗೇ ಏನಾದರೂ ಆದರೂ ಸರಿ, ನಿಮ್ಮಲ್ಲಿ ಯಾರು ಬೇಕಾದರೂ ಇದನ್ನು ಎಳೆಯಬಹುದು. ಪ್ಯಾರಾಶೂಟ್ ಬಿಚ್ಚಿಕೊಳ್ಳುತ್ತೆ" ಎಂದ. ಅತ್ತಿಗೆ ಗೆದ್ದವರಂತೆ ಅಣ್ಣನ ಬೆನ್ನು ನೋಡಿದರು. ತೀರ್ಥಹಳ್ಳಿಯ ಮೇಲೆ ಹೋಗಿ, ತುಂಗೆಯನ್ನು ಒಂದು ಸುತ್ತು ಹಾಕಿ, ಹುಲಿಕಲ್ಲಿನ ಕಾಡಿನ ಅಂಚು ಹಿಡಿದು, ಬ್ಯಾಕೋಡಿನ ಕಡೆಯ ಹಿನ್ನೀರು ದಾಟಿ ಜೋಗದವರೆಗೆ ಹೋಗಿ ಬಂದೆವಂತೆ. ಅಂತೆ ಎಂದು ಏಕೆ ಹೇಳುತ್ತೇನೆಂದರೆ, ಕಿಟಕಿಯಾಚೆ ನಾವು ಯಾರೂ ನೋಡಲಿಲ್ಲ. ನಾಲ್ವರೂ ಸ್ಕ್ರೀನ್ ನೋಡುತ್ತಾ ಕೂತಿದ್ದೆವು. "ಇಲ್ಲೇ ನಮ್ಮಣ್ಣನ ಮನೆ ಬರತ್ತೆ!" ಎಂದು ಅತ್ತಿಗೆ ತೀರ್ಥಹಳ್ಳಿಯನ್ನು ಸ್ಕ್ರೀನಿನ ಮೇಲೆ ಬೆರಳಿಟ್ಟು ತೋರಿಸಿದರು. ಜೋಗ ಒಂದು ನೀಲಿ ಗೆರೆಯಾಗಿ ಬಂದು ಹೋಯಿತು. ಅಲುಗಲಿಲ್ಲ, ಕುಲುಕಲಿಲ್ಲ; ಹಲ್ಲಿನ ಡಾಕ್ಟರ ಶಾಪಿನಲ್ಲಿ ಕಾಯುತ್ತಾ ಕೂತು ಎದ್ದು ಬಂದಷ್ಟೇ ಅನುಭವ.

ಆಮೇಲೆ ಹಳೆಯದು. ಅದರ ಕ್ಯಾಪ್ಟನ್ ಮೈಸೂರಿನ ಕಡೆಯವರು, ನಿವೃತ್ತರು, ಬಿಳಿ ಮೀಸೆ, ಅಣ್ಣನಿಗೆ ಹಾರಲು ಕಲಿಸಿದ ಗುರುಗಳೂ ಅವರೇ. ವಿಮಾನದ ಸುತ್ತ ಒಂದು ಪ್ರದಕ್ಷಿಣೆ ಬಂದು, ತಟ್ಟಿ, ಅಲುಗಿಸಿ, ಬಗ್ಗಿ ನೋಡಿ ತಪಾಸಣೆ ಮುಗಿಸಿದರು. ಅತ್ತಿಗೆ ತಟ್ಟೆ ಹಿಡಿದು ನಿಂತದ್ದನ್ನು ಕಂಡು, "ಅಯ್ಯೋ, ಧಾರಾಳವಾಗಿ ಮಾಡಿ ತಾಯಿ. ನನ್ನ ಹಾಗೇ ಇದಕ್ಕೂ ಎಲ್ಲಾ ಅಭ್ಯಾಸ ಆಗಿದೆ" ಎಂದು ಅಣ್ಣನ ಜೊತೆ ಕಾಫಿ ಕುಡಿಯಲು ಆಚೆ ಹೋದರು. ಅತ್ತಿಗೆಗೆ ಈ ವಿಮಾನ ಇಷ್ಟವಿಲ್ಲ, ಆದರೆ ಒಂದಕ್ಕೆ ಪೂಜೆ ಮಾಡಿ ಇನ್ನೊಂದಕ್ಕೆ ಬಿಟ್ಟರೆ ಬಿಟ್ಟದ್ದು ಮುನಿಸಿಕೊಳ್ಳುತ್ತದೆ ಎಂಬ ನ್ಯಾಯದೃಷ್ಟಿ ಅವರದು. ಮೂಗಿಗೆ ಅರಿಸಿನ ಕುಂಕುಮ, ಬಾಗಿಲಿಗೆ ಸೇವಂತಿಗೆ, ಚಕ್ರಕ್ಕೆ ನಿಂಬೆಹಣ್ಣು. ಉಳಿದದ್ದು ಊದುಬತ್ತಿ. ಬಸ್ಸಾದರೆ ಮುಂದಿನ ಜಾಲರಿಯಲ್ಲಿ ಸಿಕ್ಕಿಸುತ್ತಾರೆ. ಇದರ ಮುಂದೆ ಬರೀ ಫ್ಯಾನು. ಹುಡುಕುತ್ತಾ ಎಡರೆಕ್ಕೆಯ ಕೆಳಗೆ ಹೋದ ಅತ್ತಿಗೆಯ ಮುಖ ಅರಳಿತು. ಅಲ್ಲಿ ರೆಕ್ಕೆಯಿಂದ ಇಳಿಬಿದ್ದ ಒಂದು ಸಣ್ಣ ಕೊಳವೆ, ಮುಂದಕ್ಕೆ ಬಾಯಿ ಮಾಡಿಕೊಂಡು, ಸರಿಯಾಗಿ ಊದುಬತ್ತಿ ಹಿಡಿಸುವಷ್ಟೇ ತೂತು.

"ನೋಡಿದ್ಯಾ ವನಜ, ಹಳೇ ಕಾಲದವ್ರು ಊದುಬತ್ತಿ ಸ್ಟ್ಯಾಂಡೂ ಮಾಡಿಟ್ಟಿದಾರೆ. ಆ ಬಿಳಿದ್ರಲ್ಲಿ ಎಲ್ಲಿತ್ತು ಹೇಳು?"

ನನಗೂ ಅದು ಅತ್ಯಂತ ಸಮಂಜಸವಾಗಿಯೇ ಕಂಡಿತು. ಬಾಲ್ಕನಿಗೆ ಬಟ್ಟೆ ಒಣಗಿಸುವ ತಂತಿಯ ಕೊಕ್ಕೆ ಇಟ್ಟು ಕಟ್ಟುವ ಹಾಗೆ, ಯಾರೋ ತಿಳಿದವರು ಯೋಚಿಸಿ ಇಟ್ಟದ್ದು. ಊದುಬತ್ತಿ ನೆಟ್ಟಗೆ ನಿಂತು ಹೊಗೆ ಬಿಟ್ಟಿತು. ಹೊರಡುವ ಹೊತ್ತಿಗೆ ಅತ್ತಿಗೆಯೇ, ಬೆಂಕಿ ಇರುವುದು ಬೇಡ, ಕೆಳಗೆ ಪೆಟ್ರೋಲು ಎಂದು ಜವಾಬ್ದಾರಿಯಿಂದ ಅದನ್ನು ಕಿತ್ತರು. ಅರ್ಧ ಬಂತು. ಒಳಗುಳಿದ ಕಡ್ಡಿ ಬೆರಳಿಗೆ ಸಿಗಲಿಲ್ಲ. "ಹೋಗ್ಲಿ, ಅದೆಂತ ಮಾಡತ್ತೆ" ಎಂದು ಸೆರಗಿಗೆ ಕೈ ಒರೆಸಿಕೊಂಡು ಹತ್ತಿದರು. ಪೂಜೆಗೆ ಮೊದಲು ತಪಾಸಣೆ ಆಗಿತ್ತು; ಪೂಜೆಯ ನಂತರವೂ ಒಂದು ತಪಾಸಣೆ ಬೇಕೆಂದು ವಿಮಾನದ ಪುಸ್ತಕ ಬರೆದವರಿಗೆ ತೋಚಿರಲಿಕ್ಕಿಲ್ಲ.

ಮುಂದೆ ಎಡಕ್ಕೆ ಅಣ್ಣ, ಬಲಕ್ಕೆ ಕ್ಯಾಪ್ಟನ್. ಹಿಂದೆ ಎಡಕ್ಕೆ ಅತ್ತಿಗೆ, ಬಲಕ್ಕೆ ನಾನು. ಎಲ್ಲರ ಕಿವಿಗೂ ಹೆಡ್‌ಫೋನು, ಯಾರು ಮಾತಾಡಿದರೂ ಎಲ್ಲರಿಗೂ ಕೇಳುವ ಹಾಗೆ. ವಿಮಾನ ಗಡಗಡ ಓಡಿತು. ಓಡುವಾಗ ಅಣ್ಣ ಬಸ್ಸಿನ ಅಭ್ಯಾಸದಂತೆ ದಾರಿಯನ್ನೇ ನೋಡುತ್ತಿದ್ದ, ಕ್ಯಾಪ್ಟನ್ ಬದಿಯಲ್ಲಿದ್ದ ಒಂದು ಎಮ್ಮೆಯ ಮನಸ್ಸಿನಲ್ಲಿ ಏನಿದೆ ಎಂದು ನೋಡುತ್ತಿದ್ದರು. ಮುಳ್ಳನ್ನು ಯಾರೂ ನೋಡಲಿಲ್ಲ. ನೆಲ ಬಿಟ್ಟು, ಮರಗಳ ತಲೆ ದಾಟಿ, ನಾನು ಮೊದಲ ಸಲ ಕಿಟಕಿಯಿಂದ ನಿಜವಾದ ಹೊಸನಗರವನ್ನು ನೋಡಿ ಸಂತೋಷಪಡುತ್ತಿದ್ದಾಗ ಕ್ಯಾಪ್ಟನ್ ಶಾಂತವಾಗಿ, "ಸಾರ್, ಸ್ಪೀಡ್ ಎಷ್ಟಿದೆ?" ಎಂದರು.

ಅಣ್ಣ ನೋಡಿ, "ಸೊನ್ನೆ" ಎಂದ.

ಅಷ್ಟೆತ್ತರದಲ್ಲಿ, ಅಷ್ಟು ಗಾಳಿಯಲ್ಲಿ, ನಾವು ನಿಂತಿದ್ದೇವೆ ಎಂದು ಆ ಮುಳ್ಳು ಹೇಳುತ್ತಿತ್ತು. ಕ್ಯಾಪ್ಟನ್ ಗಾಜಿನ ಮೇಲೆ ಬೆರಳಿನಿಂದ ತಟ್ಟಿದರು. ಆಮೇಲೆ ಪಾಠ ಹೇಳುವ ದನಿಯಲ್ಲಿ, "ಗಾಳಿ ನುಗ್ಗೋ ಕೊಳವೆ ಕಟ್ಟಿಕೊಂಡಿದೆ. ಅದರ ಒತ್ತಡದ ಮೇಲೇ ಈ ಮುಳ್ಳು ಏಳೋದು. ಕಣಜ ಗೂಡು ಕಟ್ಟುತ್ತೆ ಒಂದೊಂದ್ಸಲ. ತಾಯಿ, ನಿಮ್ಮ ಕಿಟಕಿಯಿಂದ ಎಡರೆಕ್ಕೆ ಕೆಳಗೆ ನೋಡಿ, ಕೊಳವೆಗೆ ಏನಾದ್ರೂ ಮೆತ್ತಿಕೊಂಡಿದೆಯಾ?" ಎಂದರು.

ಅತ್ತಿಗೆ ನೋಡಿದರು. ಬಹಳ ಹೊತ್ತು ನೋಡಿದರು. "ಎಂತದೂ ಇಲ್ಲಪ್ಪ" ಎಂದರು. ತುಸು ಬಿಟ್ಟು, "ಕುಂಕುಮ ಇದೆ" ಎಂದರು. ಅವರ ಕೈ ಬಂದು ನನ್ನ ಕೈಯನ್ನು ಹಿಡಿದುಕೊಂಡಿತು. "ಮತ್ತೆ... ಒಳಗೊಂದು ಊದುಬತ್ತಿ ಕಡ್ಡಿ ಉಂಟು."

"ಊದುಬತ್ತಿನಾ?" ಅಣ್ಣ ಇಡೀ ಮೈ ತಿರುಗಿಸಿ ಹಿಂದೆ ನೋಡಿದ.

"ಮುಂದೆ ನೋಡಿ ಸಾರ್" ಎಂದರು ಕ್ಯಾಪ್ಟನ್.

"ಸ್ಟ್ಯಾಂಡ್ ಅಂದ್ಕಂಡೆ ಕಣ್ರೀ! ನೀವು ಕಾಫಿ ಕುಡಿಯಕ್ಕೆ ಹೋಗೋ ಬದ್ಲು ಅಲ್ಲೇ ನಿಂತು ಇದು ಇಂಥದ್ದು ಅಂತ ಹೇಳಿದ್ರೆ ನಾನೆಂತಕ್ಕೆ ಚುಚ್ತಿದ್ದೆ?"

"ವಿಮಾನಕ್ಕೆ ಯಾರಾದ್ರೂ ಊದುಬತ್ತಿ ಸ್ಟ್ಯಾಂಡ್ ಇಡ್ತಾರನೇ ಮಾರಾಯ್ತಿ?"

"ವನಜನೂ ಅಲ್ಲೇ ಇದ್ಲು. ಓದಿದವಳು. ಅವಳೂ ಎಂತ ಹೇಳ್ಲಿಲ್ಲ."

ಒಂದು ವಾರದ ನಂತರ ಗಂಡಹೆಂಡಿರು ಮನಸ್ಸು ಬಿಚ್ಚಿ ಮಾತಾಡುತ್ತಿದ್ದರು, ಅದೂ ಆಕಾಶದಲ್ಲಿ. ನಾನು ನಡುವೆ ಬಾಯಿ ಹಾಕಿ, ವೇಗ ತಿಳಿಯದಿದ್ದರೆ ಏನಾಗುತ್ತದೆ ಎಂದು ಕ್ಯಾಪ್ಟನ್ನರನ್ನು ಕೇಳಿದೆ. "ಹಾರೋದಕ್ಕೆ ತೊಂದರೆ ಇಲ್ಲಮ್ಮ. ಇಳಿಯೋವಾಗ ಮಾತ್ರ. ವೇಗ ಕಮ್ಮಿ ಆದ್ರೆ ಬಿದ್ದುಬಿಡ್ತೀವಿ. ಜಾಸ್ತಿ ಆದ್ರೆ ರನ್‌ವೇ ಮುಗಿದ್ರೂ ನಿಲ್ಲಲ್ಲ" ಎಂದರು. ಎರಡು ಆಯ್ಕೆಗಳು. ಇಲ್ಲೂ!

ಇನ್ನು ಹೇಳುವುದು ನಾನು ಪ್ರತಿ ರಾತ್ರಿ ಮತ್ತೆ ಮತ್ತೆ ಕಾಣುವ ಚಿತ್ರ. ಇಳಿಯಲೆಂದು ತಿರುಗಿ ರನ್‌ವೇ ಕಡೆ ಬಂದರೆ, ರನ್‌ವೇ ಬಂಗಾರದ ಬಣ್ಣಕ್ಕೆ ತಿರುಗಿತ್ತು. ವಿಮಾನ ಹೋಯಿತಲ್ಲ, ಇನ್ನೇನು ಎಂದು ಅವರು ಭತ್ತವನ್ನು ಪುನಃ ಹರವಿದ್ದರು. ಕ್ಯಾಪ್ಟನ್ ಅಣ್ಣನಿಗೆ ಹೇಳಿ ಅವರ ತಲೆಯ ಮೇಲಿಂದಲೇ ತಗ್ಗಾಗಿ ಒಂದು ಸಲ ಹಾರಿಸಿದರು, ತೆಗೆಯಲಿ ಎಂದು. ಕೆಳಗಿನವರು ಸಂತೋಷದಿಂದ ಕೈ ಬೀಸಿದರು. ಟೈ ಕಟ್ಟಿದ ಪೈಲಟ್ ಮಾತ್ರ ಓಡಾಡಿ ಬೇಡಿಕೊಳ್ಳುತ್ತಿರುವುದು ಇರುವೆಯಂತೆ ಕಾಣುತ್ತಿತ್ತು. ಅವರು ಗುಡಿಸುವವರೆಗೆ ಸುತ್ತಬೇಕು. ಸುತ್ತುತ್ತಾ ಹಿನ್ನೀರಿನ ಮೇಲೆ ಬಂದೆವು. ಕೆಳಗೆ ನೀರು, ನೀರಿನಲ್ಲಿ ಮುಳುಗಿ ಸತ್ತ ಮರಗಳ ಬೊಡ್ಡೆ. ಅಣ್ಣ ವಿಮಾನವನ್ನು ವಾಲಿಸಿ ತಿರುಗಿಸುವಾಗ ರೆಕ್ಕೆಯ ಕಡೆಯಿಂದ, ಮದುವೆಮನೆಯಲ್ಲಿ ಓಲಗದವರು ಶ್ರುತಿ ಹಿಡಿದ ಹಾಗೆ ಕುಂಯ್ ಎಂದು ಒಂದು ಸಣ್ಣ ದನಿ ಬಂತು. ಕ್ಯಾಪ್ಟನ್ ಕೈ ಮಿಂಚಿನಂತೆ ಮುಂದೆ ಬಂದು ಮೂಗನ್ನು ತಗ್ಗಿಸಿತು. ನೀರು ಹತ್ತಿರ ಬಂತು, ದನಿ ನಿಂತಿತು.

"ಅದೆಂತ ಶಬ್ದ?" ಎಂದರು ಅತ್ತಿಗೆ.

"ಬೀಳೋಕೆ ಮುಂಚೆ ತಿಳಿಸುತ್ತೆ ತಾಯಿ" ಎಂದರು ಕ್ಯಾಪ್ಟನ್. ಆಮೇಲೆ ಅಣ್ಣನಿಗೆ, "ನಾನು ತಗೊಳ್ಲಾ ಸಾರ್?" ಎಂದರು.

ಅಣ್ಣ ಆಗ ಹೇಳಿದ್ದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. "ಪಕ್ಕದಲ್ಲಿ ಕೈ ಇಟ್ಕಂಡಿರಿ ಸಾಕು. ನಮ್ ಬಸ್ಸುಗಳಲ್ಲಿ ಯಾವತ್ತು ಮುಳ್ಳು ಎದ್ದಿತ್ತು?" ನಿಜ. ಅಣ್ಣನ ಒಂದು ಬಸ್ಸಿನಲ್ಲಿಯೂ ಸ್ಪೀಡು ತೋರಿಸುವ ಮುಳ್ಳು ಕೆಲಸ ಮಾಡುತ್ತಿರಲಿಲ್ಲ. ಕೆಟ್ಟದ್ದನ್ನು ರಿಪೇರಿ ಮಾಡಿಸುವುದು ನಮ್ಮ ಕಡೆಯ ಬಸ್ಸಿನವರಲ್ಲಿ ಒಂದು ಅನಗತ್ಯ ಶೋಕಿ. ಹುಲಿಕಲ್ ಘಾಟಿಯನ್ನು ಅವರು ಇಳಿಯುತ್ತಿದ್ದದ್ದೇ ಇಂಜಿನ್ನಿನ ದನಿ ಕೇಳಿ. ಕ್ಯಾಪ್ಟನ್ ಒಂದು ಕ್ಷಣ ಯೋಚಿಸಿ, ಇಂಜಿನ್ ಇಷ್ಟು, ಮೂಗು ಇಷ್ಟು, ಇದನ್ನು ಬಿಟ್ಟು ಅಲುಗಬಾರದು ಎಂದು ಹಿಡಿಸಿಕೊಟ್ಟರು. ಅಣ್ಣ ತಲೆಯನ್ನು ಒಂದು ಕಡೆ ವಾಲಿಸಿ, ಮಗ್ಗುಲಲ್ಲಿ ಮಗು ಉಸಿರಾಡುವುದನ್ನು ಆಲಿಸುವ ಹಾಗೆ ಆಲಿಸುತ್ತಾ, ತುಟಿಯೊಳಗೇ ಆ ದನಿಯನ್ನು ತಾನೂ ಗುನುಗುತ್ತಾ ಹೋದ. ದನಿ ಏರಿದರೆ ಅವನ ಗುನುಗೂ ಏರುತ್ತಿತ್ತು, ಕೈ ಸರಿಪಡಿಸುತ್ತಿತ್ತು. ಅತ್ತಿಗೆ ಕಣ್ಣು ಮುಚ್ಚಿ ತೀರ್ಥಹಳ್ಳಿಯ ದೇವರುಗಳಿಂದ ಶುರುಮಾಡಿ ಒಬ್ಬೊಬ್ಬರನ್ನೇ ಕರೆಯುತ್ತಾ ಪಶ್ಚಿಮಕ್ಕೆ ಬರುತ್ತಿದ್ದರು. ನಾನು ಏನು ಮಾಡುತ್ತಿದ್ದೆ? ನಿಧಾನವಾಗಿ ಹೋಗಿ ಬೀಳುವುದರ ಮತ್ತು ಜೋರಾಗಿ ಹೋಗಿ ಗುದ್ದುವುದರ ಗುಣದೋಷಗಳನ್ನು ಹೋಲಿಸುತ್ತಿದ್ದೆ. ಸುಳ್ಳಲ್ಲ. ನಡುವೆ ಗೆರೆ ಎಳೆದು.

ಜೋರಾಗಿಯೇ ಬಂದೆವು. ನೆಲ ಮುಟ್ಟಿತು, ಪುಟಿಯಿತು, ಮತ್ತೆ ಮುಟ್ಟಿತು. ಮುಕ್ಕಾಲು ರನ್‌ವೇ ಗುಡಿಸಿದ್ದರು, ಉಳಿದ ಕಾಲು ಭಾಗಕ್ಕೆ ಅವರಿಗೆ ಸಮಯ ಸಿಕ್ಕಿರಲಿಲ್ಲ. ವಿಮಾನ ಬ್ರೇಕಿನಲ್ಲಿ ಚೀರುತ್ತಾ ಭತ್ತದೊಳಗೆ ನುಗ್ಗಿ, ಚಕ್ರ ಹೂತು, ಗುಡ್ಡದ ಅಂಚಿಗಿಂತ ಒಂದು ಎಮ್ಮೆ ನಿಲ್ಲುವಷ್ಟು ದೂರದಲ್ಲಿ ನಿಂತಿತು. ಎಮ್ಮೆ ನಿಂತೂ ಇತ್ತು. ಫ್ಯಾನು ಇನ್ನೂ ತಿರುಗುತ್ತಿತ್ತು. ಜೊಳ್ಳು, ಹೊಟ್ಟು ಎಲ್ಲಾ ಮೋಡದ ಹಾಗೆ ಎದ್ದು ಬಯಲಿಗೆ ಹಾರಿಹೋಯಿತು. ಕ್ಯಾಪ್ಟನ್ ಇಂಜಿನ್ ಆರಿಸಿದಾಗ ಆ ಮೌನದಲ್ಲಿ ಮೊದಲು ಕೇಳಿಸಿದ್ದು ದೇವಮ್ಮನ ದನಿ. ಬೈಗುಳ ಬರುತ್ತದೆಂದು ನಾವೆಲ್ಲ ತಲೆ ತಗ್ಗಿಸಿದೆವು. ಆಕೆ ಚೆದುರಿದ ರಾಶಿಯಿಂದ ಒಂದು ಹಿಡಿ ಭತ್ತ ತೆಗೆದು, ಊದಿ ನೋಡಿ, "ಇಷ್ಟು ಚೊಕ್ಕ ನಮ್ ಮೊರದಲ್ಲೂ ಬರಲ್ಲ. ಆ ಕಡೆ ರಾಶಿ ಇನ್ನೊಂದಿದೆ, ಒಂದ್ ಸುತ್ತು ಹೋಗಿ ಬನ್ನಿ" ಎಂದರು.

ಅಣ್ಣನ ಕೈಗೆ ಸೀಟ್ ಬೆಲ್ಟ್ ಬಿಚ್ಚಲು ಬರಲಿಲ್ಲ. ಅತ್ತಿಗೆಯೇ ಬಗ್ಗಿ ಬಿಚ್ಚಿದರು. ಕೆಳಗಿಳಿದು ಬಹಳ ಹೊತ್ತು ಭತ್ತದ ಮೇಲೇ ಕೂತಿದ್ದ ಅಣ್ಣ, "ತಂಗೀ, ನಂಗೆ ಆ ಬಿಳಿದೇ ಆಗ್ಬೋದು ಅನ್ಸತ್ತೆ" ಎಂದ. ನಾನು ಬೆರಗಾಗಿ, ಮುಳ್ಳಿಲ್ಲದೆ ಇಳಿಸಿದೆಯಲ್ಲ ಎಂದರೆ, "ಬಸ್ಸಲ್ಲಿ ಮುಳ್ಳು ಇಲ್ದಿದ್ರೂ ಕೆಳಗೆ ನೆಲ ಇರ್ತಿತ್ತು ಕಣೆ" ಎಂದ. ಸಮಸ್ಯೆ ಮುಗಿಯಿತು ಎಂದು ನಾನು ಉಸಿರು ಬಿಡುವಷ್ಟರಲ್ಲಿ ಅತ್ತಿಗೆ, ಆ ತಗಡಿನ ಮೈಯನ್ನು ಹಸುವಿನ ಬೆನ್ನು ಸವರಿದ ಹಾಗೆ ಸವರುತ್ತಾ, "ನಂಗೆ ಇದೇ ಸೈ. ನಾನು ಕಡ್ಡಿ ಮುರಿದು ಹಾಕಿದ್ರೂ ನಮ್ಮನ್ನ ತಂದು ಇಳಿಸ್ತಲ್ಲ. ಅದು ಹಾಗೆ ಮಾಡ್ತಿತ್ತಾ?" ಎಂದರು. ಇಬ್ಬರೂ ಪಕ್ಷಾಂತರ ಮಾಡಿದ್ದರು. ಲೆಕ್ಕ ಮಾತ್ರ ಬೆಳಿಗ್ಗೆ ಇದ್ದಷ್ಟೇ ಇತ್ತು: ಒಂದು, ಒಂದು. ಇಬ್ಬರೂ ನನ್ನ ಕಡೆ ನೋಡಿದರು. ಟೈ ಕಟ್ಟಿದವನು ಗಡಿಯಾರ ನೋಡಿದ. ಕ್ಯಾಪ್ಟನ್ ಸೂಜಿಯಿಂದ ಕಡ್ಡಿ ತೆಗೆಯುತ್ತಾ, ಈ ಕಡೆ ನೋಡದೆ ಕೇಳಿಸಿಕೊಳ್ಳುತ್ತಿದ್ದರು. ಗಂಟೆ ಬಾರಿಸುವ ಅಟೆಂಡರ್ ಅಲ್ಲಿ ಇರಲಿಲ್ಲ.

"ಹಳೇದು" ಎಂದೆ.

ನನ್ನ ಬಾಯಿಂದ ಬಂದ ಆ ಮಾತಿಗೆ ನಾನೇ ಹೆದರಿದೆ. ಏಕೆ ಎಂದು ಅಣ್ಣ ಕೇಳಿದ. ಸರಳ ಯಂತ್ರ, ಅನುಭವ, ಪರಂಪರೆ ಎಂದೆಲ್ಲ ಎರಡು ಪುಟದ ಉತ್ತರ ಹೇಳಿದೆ. ನಿಜವಾದ ಕಾರಣ ಅದಲ್ಲ. ಹಿನ್ನೀರಿನ ಮೇಲೆ ಆ ಓಲಗದ ದನಿ ಬಂದಾಗ ನನ್ನ ಕಣ್ಣು ತಾನಾಗಿ ಚಾವಣಿಯಲ್ಲಿ ಕೆಂಪು ಹಿಡಿಯನ್ನು ಹುಡುಕಿತ್ತು. ಇರಲಿಲ್ಲ. ಇದ್ದಿದ್ದರೆ? ಅಣ್ಣ ಎಳೆಯಬೇಡ ಎನ್ನುತ್ತಿದ್ದ, ಅತ್ತಿಗೆ ಎಳೆ ಎನ್ನುತ್ತಿದ್ದರು, ಆಮೇಲೆ ಇಬ್ಬರೂ, ವನಜ ಹೇಳಿದ ಹಾಗೆ ಎನ್ನುತ್ತಿದ್ದರು. ನಾನು ಎಳೆಯುವುದರ ಗುಣ, ಎಳೆಯುವುದರ ದೋಷ ಎಂದು ಬರೆಯಲು ಶುರು ಮಾಡಿ ಮೂರನೆಯ ಅಂಶಕ್ಕೆ ಬರುವಷ್ಟರಲ್ಲಿ ನೀರು ಬರುತ್ತಿತ್ತು. ಯಾರು ಬೇಕಾದರೂ ಎಳೆಯಬಹುದಾದ ಹಿಡಿ ಇರುವ ವಿಮಾನದಲ್ಲಿ ನಾನೂ ಒಬ್ಬ 'ಯಾರಾದರೂ' ಆಗಿರುವುದು ನನ್ನವರ ಪ್ರಾಣಕ್ಕೆ ಅಪಾಯ. ಹಳೆಯದರಲ್ಲಿ ನನ್ನನ್ನು ಕೇಳುವಂಥದ್ದು ಏನೂ ಇಲ್ಲ.

ಅಣ್ಣ ಹಳೆಯದನ್ನೇ ಕೊಂಡ. ಮೊದಮೊದಲು ಹೆದರುತ್ತಿದ್ದನಂತೆ, ಈಗ ಇಲ್ಲ. ಅತ್ತಿಗೆ ಅದರಲ್ಲಿ ಎರಡು ಸಲ ತೀರ್ಥಹಳ್ಳಿಯನ್ನು ಮೇಲಿನಿಂದ ಕಿಟಕಿಯಲ್ಲೇ ನೋಡಿ, ತಮ್ಮ ಅಣ್ಣನ ಮನೆಯ ಹೆಂಚು ಒಡೆದಿದೆ ಎಂದು ಫೋನು ಮಾಡಿ ತಿಳಿಸಿದ್ದಾರೆ. ದೇವಮ್ಮ ಭತ್ತ ತೂರುವ ದಿನ ನೋಡಿ ಇವರಿಗೆ ಹೇಳಿ ಕಳಿಸುತ್ತಾರೆ. ನನಗೆ ಮಾತ್ರ ನೆಮ್ಮದಿ ಇಲ್ಲ. ಆ ವಿಮಾನದ ಒಂದು ಬೋಲ್ಟು ಸಡಿಲವಾದರೂ ಫೋನು ನನಗೇ: "ನೀನು ಆರಿಸಿದ್ದಲ್ವಾ, ನೋಡು ಮತ್ತೆ." ಅದಕ್ಕಾಗಿ ನಾನೇ ಒಂದು ಹುದ್ದೆ ಮಾಡಿಕೊಂಡಿದ್ದೇನೆ. ಕೆಂಪು ರವಿಕೆ ಕಣದಲ್ಲಿ ಆ ಕೊಳವೆಗೆ ಒಂದು ಚೀಲ ಹೊಲಿದಿದ್ದೇನೆ. ಭಾನುವಾರ ಬೆಳಿಗ್ಗೆ ಹೋಗಿ, ಪೂಜೆ ಮುಗಿದ ಮೇಲೆ ಚೀಲ ಬಿಚ್ಚಿ, ಟಾರ್ಚ್ ಹಾಕಿ ತೂತನ್ನು ನೋಡಿ, ಕೈ ಎತ್ತಿ ಒಪ್ಪಿಗೆ ಕೊಡುತ್ತೇನೆ. ಆಮೇಲೆ ಎಮ್ಮೆಯ ಪಕ್ಕ ನಿಲ್ಲುತ್ತೇನೆ. ನನ್ನ ಸೀಟು ಖಾಲಿ ಹೋಗುತ್ತದೆ.

"ಬಾರೇ, ನೀನು ಆರಿಸಿದ ವಿಮಾನ, ನೀನೇ ಹತ್ತದಿದ್ರೆ ಹೇಗೆ?" ಎಂದು ಅತ್ತಿಗೆ ಪ್ರತಿ ಸಲವೂ ಕರೆಯುತ್ತಾರೆ. ಇಷ್ಟು ವರ್ಷ ರಾಜ್ಯಶಾಸ್ತ್ರ ಪಾಠ ಮಾಡಿದ್ದು ಆಗ ಉಪಯೋಗಕ್ಕೆ ಬರುತ್ತದೆ. "ಅತ್ತಿಗೆ, ಓಟು ಹಾಕಿದವರೆಲ್ಲ ವಿಧಾನಸೌಧದ ಒಳಗೆ ಹೋಗಿ ಕೂರಬೇಕು ಅಂತ ಸಂವಿಧಾನದಲ್ಲಿ ಎಲ್ಲೂ ಇಲ್ಲ" ಎಂದು ಹೇಳಿ, ಎಮ್ಮೆಯನ್ನು ಇನ್ನೂ ಸ್ವಲ್ಪ ಹತ್ತಿರ ಎಳೆದುಕೊಳ್ಳುತ್ತೇನೆ.